ಬೆಟ್ಟವನ್ನು ಹತ್ತಿರಕ್ಕೆ ತರುವ ಮಸೂರ

ಮಳೆಗಾಲ ಕಳೆದು ಆಕಾಶ ತೊಳೆದಿಟ್ಟಂತಿರುವ ಅಕ್ಟೋಬರ್ ತಿಂಗಳ ಒಂದು ಬೆಳಗ್ಗೆ ಚಿಕ್ಕಮಗಳೂರಿನ ಯಾವುದಾದರೊಂದು ಮಹಡಿಯ ಮೇಲೆ ನಿಂತು ವಾಯವ್ಯ ದಿಕ್ಕಿಗೆ ಕಣ್ಣು ಹಾಯಿಸಿರಿ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯು ಬಾನಿಗೆ ತಲೆಯೆತ್ತಿ ನಿಂತಿರುತ್ತದೆ. ಆ ದೃಶ್ಯಕ್ಕೆ ಮನಸೋತ ವಿದ್ಯಾರ್ಥಿಯೊಬ್ಬನು ತನ್ನ ಕ್ಯಾಮರಾದಿಂದ ಅದರ ಚಿತ್ರವನ್ನು ತೆಗೆಯುತ್ತಾನೆ. ಆದರೆ ಚಿತ್ರವನ್ನು ನೋಡಿದಾಗ ಅವನಿಗೆ ನಿರಾಶೆ. ಕಣ್ಣು ತುಂಬಿದ್ದ ಬೆಟ್ಟವು ಚಿತ್ರದಲ್ಲಿ ಒಂದು ಹುತ್ತದಷ್ಟಾಗಿದೆ. ಉಳಿದುದೆಲ್ಲ ಬರಿಯ ಆಕಾಶ ಮತ್ತು ಮನೆಗಳ ಮಾಡು. ಬೆಟ್ಟವು ಕುಗ್ಗಿದುದಾದರೂ ಹೇಗೆ?

ಈ ಕೊರತೆಯನ್ನು ನೀಗಿಸುವ ಸಾಧನವೇ ಟೆಲಿಫೋಟೊ ಮಸೂರ. ಹೊಸದನ್ನು ಕೊಳ್ಳಹೊರಟರೆ ಅದು ಸಾಮಾನ್ಯ ವಿದ್ಯಾರ್ಥಿಯ ಕೈಗೆ ಎಟುಕುವ ವಸ್ತುವಲ್ಲ. ಆದರೆ ೧೯೫೦ರಿಂದ ೧೯೮೦ರ ದಶಕದವರೆಗೆ ಜರ್ಮನಿ, ಜಪಾನ್ ಮತ್ತು ಸೋವಿಯತ್ ದೇಶಗಳ ಕಾರ್ಖಾನೆಗಳಲ್ಲಿ ತಯಾರಾದ ಮಸೂರಗಳು ಹಳೆಯ ಸಾಮಾನಿನ ಬೆಲೆಗೆ ಇಂದಿಗೂ ದೊರೆಯುತ್ತವೆ. ಅವುಗಳಲ್ಲಿ ಯಾವುದನ್ನು ಆರಿಸಬೇಕು, ಮಲೆನಾಡಿನಲ್ಲಿ ಅದನ್ನು ಹೇಗೆ ಕಾಪಾಡಬೇಕು ಎಂಬ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ.

ಸಂಗಮದೂರ ಮತ್ತು ಬಿಂಬದ ಅಳತೆ

ಪೀನ ಮಸೂರವು ದೂರದ ವಸ್ತುವಿನಿಂದ ಬಂದ ಕಿರಣಗಳನ್ನು ಒಂದೆಡೆ ಕೂಡಿಸುತ್ತದೆ. ಮಸೂರದಿಂದ ಆ ಸ್ಥಾನಕ್ಕಿರುವ ಅಂತರವೇ ಸಂಗಮದೂರ. ದೂರದ ವಸ್ತುವಿನ ಎತ್ತರವನ್ನು ಅದರ ಅಂತರದಿಂದ ಭಾಗಿಸಿ, ಬಂದುದನ್ನು ಸಂಗಮದೂರದಿಂದ ಗುಣಿಸಿದರೆ ಬಿಂಬದ ಎತ್ತರ ದೊರೆಯುತ್ತದೆ.

ಈ ಲೆಕ್ಕವನ್ನು ನಮ್ಮ ಬೆಟ್ಟಕ್ಕೆ ಅನ್ವಯಿಸೋಣ. ಮುಳ್ಳಯ್ಯನಗಿರಿಯ ಎತ್ತರ ಸಮುದ್ರಮಟ್ಟದಿಂದ ಸುಮಾರು ೧,೯೩೦ ಮೀಟರು. ಚಿಕ್ಕಮಗಳೂರು ಪೇಟೆಯೂ ಎತ್ತರದಲ್ಲಿಯೇ ಇರುವುದರಿಂದ ಪೇಟೆಯವನ ಕಣ್ಣಿಗೆ ಶಿಖರವು ಸುಮಾರು ೮೦೦ ಮೀಟರು ಮೇಲಿದೆ. ನೇರ ಅಂತರವನ್ನು ೧೦ ಕಿಲೋಮೀಟರೆಂದು ಇಟ್ಟುಕೊಳ್ಳೋಣ. ೩೫ ಮಿಲಿಮೀಟರ್ ಫಿಲ್ಮಿನ ಚೌಕಟ್ಟು ೩೬ ಮಿ.ಮೀ. ಅಗಲ, ೨೪ ಮಿ.ಮೀ. ಎತ್ತರ. ಅಂತಹ ಕ್ಯಾಮರಾದ ಸಾಮಾನ್ಯ ಮಸೂರದ ಸಂಗಮದೂರ ೫೦ ಮಿ.ಮೀ. ಇದರಿಂದ ಮೂಡುವ ಬೆಟ್ಟದ ಬಿಂಬ ಕೇವಲ ೪ ಮಿ.ಮೀ.; ಚೌಕಟ್ಟಿನ ಆರನೆಯ ಒಂದು ಪಾಲು! ಸಂಗಮದೂರವನ್ನು ೧೩೫ ಮಿ.ಮೀ.ಗೆ ಏರಿಸಿದರೆ ಬಿಂಬವು ೧೧ ಮಿ.ಮೀ.ಗೆ ಸಮೀಪಿಸುತ್ತದೆ; ೨೦೦ಕ್ಕೆ ಏರಿಸಿದರೆ ೧೬ ಮಿ.ಮೀ. ಆಗುತ್ತದೆ. ಬೆಟ್ಟವು ಕುಗ್ಗಿರಲಿಲ್ಲ; ಮಸೂರದ ಸಂಗಮದೂರ ಸಾಲದಾಗಿತ್ತು.

ಕೊಳವೆಯನ್ನು ಗಿಡ್ಡಗೊಳಿಸಿದ ಉಪಾಯ

ಸಂಗಮದೂರ ಹೆಚ್ಚಿದಂತೆ ಮಸೂರದ ಕೊಳವೆಯೂ ಉದ್ದವಾಗಬೇಕಷ್ಟೆ? ಹಾಗಾದರೆ ಪ್ರವಾಸಿಯು ಒನಕೆಯಂತಹ ಸಾಧನವನ್ನು ಹೊತ್ತು ಬೆಟ್ಟವೇರಬೇಕಾದೀತು. ಈ ತೊಡಕಿಗೆ ೧೮೯೧ರಲ್ಲಿ ಲಂಡನ್ನಿನ ಡಾಲ್‌ಮಯರ್, ಬರ್ಲಿನ್ನಿನ ಮೀಥೆ ಮತ್ತು ಮ್ಯೂನಿಕ್ಕಿನ ಸ್ಟೈನ್‌ಹೈಲ್ ಎಂಬ ಮೂವರು ಪರಸ್ಪರ ಸಂಬಂಧವಿಲ್ಲದೆ ಒಂದೇ ಉಪಾಯವನ್ನು ಕಂಡುಹಿಡಿದರು. ಮುಂದೆ ಒಂದು ಪೀನ ಮಸೂರ, ಅದರ ಹಿಂದೆ ಒಂದು ನಿಮ್ನ ಮಸೂರ: ಇಷ್ಟೇ ಅದರ ಗುಟ್ಟು.

ಒಂದು ಉದಾಹರಣೆಯನ್ನು ಲೆಕ್ಕಮಾಡಿ ನೋಡಬಹುದು. ಮುಂದಿನ ಪೀನ ಮಸೂರದ ಸಂಗಮದೂರ ೭೫ ಮಿ.ಮೀ. ಇರಲಿ. ಅದರ ಹಿಂದೆ ೪೫ ಮಿ.ಮೀ. ಅಂತರದಲ್ಲಿ ೬೭.೫ ಮಿ.ಮೀ. ಸಂಗಮದೂರದ ನಿಮ್ನ ಮಸೂರವಿರಲಿ. ಇನ್ನು ೩೦ ಮಿ.ಮೀ. ಸಾಗಿ ಕೂಡಬೇಕಾಗಿದ್ದ ಕಿರಣಗಳನ್ನು ನಿಮ್ನ ಮಸೂರವು ತುಸು ಬಿಡಿಸಿ, ೫೪ ಮಿ.ಮೀ. ಹಿಂದೆ ಕೂಡುವಂತೆ ಮಾಡುತ್ತದೆ. ಬಿಂಬವು ೫೪ನ್ನು ೩೦ರಿಂದ ಭಾಗಿಸಿದಷ್ಟು, ಎಂದರೆ ೧.೮ ಪಟ್ಟು ಹಿರಿದಾಗುತ್ತದೆ. ೭೫ನ್ನು ೧.೮ರಿಂದ ಗುಣಿಸಿದರೆ ೧೩೫! ಆದರೆ ಮುಂದಿನ ಮಸೂರದಿಂದ ಫಿಲ್ಮಿನವರೆಗಿನ ಉದ್ದ ೪೫ ಮತ್ತು ೫೪ ಕೂಡಿ ೯೯ ಮಿ.ಮೀ. ಮಾತ್ರ. ೧೩೫ರ ಕೆಲಸವನ್ನು ೯೯ರ ಕೊಳವೆಯು ಮಾಡುವುದೇ ಟೆಲಿಫೋಟೊ ರಚನೆಯ ಸೊಗಸು. ನಿಜವಾದ ಮಸೂರಗಳಲ್ಲಿ ಬಣ್ಣದ ಅಂಚು ಮೊದಲಾದ ದೋಷಗಳನ್ನು ನಿವಾರಿಸಲು ನಾಲ್ಕೈದು ಗಾಜುಗಳನ್ನು ಬಳಸುತ್ತಾರೆ. ತತ್ತ್ವ ಮಾತ್ರ ಇದೇ.

ಯಾವ ಅಳತೆ ತಕ್ಕದ್ದು?

ಹೆಚ್ಚು ಸಂಗಮದೂರವುಳ್ಳದ್ದೇ ಮೇಲೆಂದು ಎಣಿಸುವುದು ಸಹಜ. ಆದರೆ ಸಂಗಮದೂರದೊಡನೆ ಮೂರು ತೊಂದರೆಗಳೂ ಬೆಳೆಯುತ್ತವೆ: ತೂಕ, ಕೈನಡುಕ ಮತ್ತು ಬೆಳಕಿನ ಅಭಾವ.

ಒಲಿಂಪಸ್ ಸಂಸ್ಥೆಯ ಹಳೆಯ ಝೂಯಿಕೊ ಮಸೂರಗಳನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ೧೦೦ ಮಿ.ಮೀ. ಮಸೂರದ ತೂಕ ಸುಮಾರು ೨೩೦ ಗ್ರಾಂ. ೧೩೫ರದು ೨೯೦ ಗ್ರಾಂ. ೨೦೦ರದು ೫೦೦ ಗ್ರಾಮಿಗೂ ತುಸು ಹೆಚ್ಚು. ಕೈನಡುಕವಾದರೋ ಬಿಂಬದೊಡನೆಯೇ ಹಿಗ್ಗುತ್ತದೆ. ೧೩೫ ಮಿ.ಮೀ. ಮಸೂರವನ್ನು ಕೈಯಲ್ಲಿ ಹಿಡಿದು ಚಿತ್ರ ತೆಗೆಯುವಾಗ ಸೆಕೆಂಡಿನ ೧೩೫ನೆಯ ಒಂದು ಭಾಗಕ್ಕಿಂತ ಹೆಚ್ಚು ಕಾಲ ಬೆಳಕನ್ನು ಬಿಡಬಾರದು. ೨೦೦ಕ್ಕೆ ೨೦೦ನೆಯ ಒಂದು ಭಾಗ. ಇದು ಛಾಯಾಗ್ರಾಹಕರ ಹಳೆಯ ಸೂತ್ರ.

ಇನ್ನು ಬೆಳಕಿನ ಮಾತು. ಸಂಗಮದೂರವನ್ನು ಬೆಳಕು ಹೊಗುವ ಕಂಡಿಯ ವ್ಯಾಸದಿಂದ ಭಾಗಿಸಿದರೆ ಬರುವುದೇ ಎಫ್-ಸಂಖ್ಯೆ. ೧೩೫ ಮಿ.ಮೀ. ಮಸೂರವು ಎಫ್ ೨.೮ ಆಗಬೇಕಾದರೆ ಕಂಡಿಯು ೪೮ ಮಿ.ಮೀ. ಇರಬೇಕು, ಎಫ್ ೩.೫ ಆದರೆ ೩೯ ಮಿ.ಮೀ. ಸಾಕು. ಮೊದಲನೆಯದು ಸುಮಾರು ಒಂದೂವರೆ ಪಟ್ಟು ಬೆಳಕನ್ನು ಕೊಡುತ್ತದೆ. ಅದಕ್ಕೆ ತಕ್ಕಂತೆ ಗಾಜೂ ತೂಕವೂ ಹೆಚ್ಚುತ್ತವೆ. ಸಿಲ್ವರ್ ಓಕ್, ಅತ್ತಿ, ಹಾಲುವಾಣಗಳ ನೆರಳಿರುವ ಕಾಫಿ ತೋಟದಲ್ಲಿ ಬೆಳಕು ವಿರಳವೆಂಬುದು ನಿಜ. ಆದರೆ ಇಂದಿನ ಡಿಜಿಟಲ್ ಕ್ಯಾಮರಾದ ಸಂವೇದಕದ ಸೂಕ್ಷ್ಮತೆಯನ್ನು ಬೇಕಾದಂತೆ ಏರಿಸಬಹುದಾದುದರಿಂದ ಎಫ್ ೩.೫ರ ಕೊರತೆಯು ಹಿಂದಿನಷ್ಟು ಬಾಧಿಸುವುದಿಲ್ಲ.

ಆದುದರಿಂದ ಪ್ರವಾಸಿಗೆ ತಕ್ಕದ್ದು ೧೩೫ ಮಿ.ಮೀ., ಎಫ್ ೩.೫ ಮಸೂರ. ಇದು ಅಗ್ಗವಾಗಿರಲು ಕಾರಣವೂ ಉಂಟು. ಹಿಂದಿನ ಕಾಲದಲ್ಲಿ ಕ್ಯಾಮರಾ ಕೊಂಡವರು ಎರಡನೆಯ ಮಸೂರವಾಗಿ ಇದನ್ನೇ ಆರಿಸುತ್ತಿದ್ದುದರಿಂದ ಎಲ್ಲ ಕಾರ್ಖಾನೆಗಳೂ ಇದನ್ನು ವಿಪುಲವಾಗಿ ತಯಾರಿಸಿದವು. ಅಸಾಹಿ ಸಂಸ್ಥೆಯ ಟಕುಮಾರ್, ಝೈಸ್ ಯೇನಾದ ಸೋನಾರ್, ಸೋವಿಯತ್ ದೇಶದ ಜುಪಿಟರ್-೩೭ ಇವೆಲ್ಲವೂ ೧೩೫ ಮಿ.ಮೀ., ಎಫ್ ೩.೫ ಮಸೂರಗಳೇ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಮೂಡಿಗೆರೆಯಲ್ಲಿ ನೆಲಸಿ ಕಾಫಿ ಬೆಳೆಯುತ್ತಿದ್ದ ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು (೧೯೩೮–೨೦೦೭) ಹಕ್ಕಿಗಳ ಛಾಯಾಗ್ರಾಹಕರೂ ಆಗಿದ್ದರು. ಅವರ ಚಿತ್ರಗಳನ್ನು ಮೆಚ್ಚಿದ ತರುಣರು ಈ ಮಸೂರದಿಂದ ಅಂತಹ ಚಿತ್ರಗಳನ್ನು ಅಪೇಕ್ಷಿಸಿದರೆ ನಿರಾಶರಾಗುವರು. ಹದಿನಾರು ಸೆಂಟಿಮೀಟರಿನ ಮಿಂಚುಳ್ಳಿಯು ಹತ್ತು ಮೀಟರು ದೂರದಲ್ಲಿದ್ದರೆ ೧೩೫ ಮಿ.ಮೀ. ಮಸೂರದಿಂದ ಅದರ ಬಿಂಬ ಎರಡು ಮಿಲಿಮೀಟರಿಗೆ ತುಸು ಹೆಚ್ಚು. ಚೌಕಟ್ಟಿನ ಮೂರರಲ್ಲಿ ಒಂದು ಪಾಲನ್ನು ಹಕ್ಕಿಯು ತುಂಬಬೇಕಾದರೆ ೫೦೦ ಮಿ.ಮೀ. ಮಸೂರವಾದರೂ ಬೇಕು. ಪ್ರವಾಸದ ಮಸೂರವು ಬೆಟ್ಟ, ಗೋಪುರ, ಹಣ್ಣು ಬಿಡಿಸುವ ಕೈಗಳು, ಕಾಫಿ ಹೂವಿನ ಸಾಲು ಇವುಗಳಿಗಾಗಿ ಇರುವುದು.

ಹಳೆಯ ಮಸೂರ, ಹೊಸ ಕ್ಯಾಮರಾ

ಹಳೆಯ ಮಸೂರವು ಹೊಸ ಕ್ಯಾಮರಾಕ್ಕೆ ಕೂಡೀತೆ? ೧೯೪೯ರಲ್ಲಿ ಡ್ರೆಸ್ಡೆನ್ ನಗರದ ಕಾಂಟ್ಯಾಕ್ಸ್ ಎಸ್ ಕ್ಯಾಮರಾದೊಡನೆ ಬಂದ ಎಂ ೪೨ ಎಂಬ ತಿರುಪು ಜೋಡಣೆಯು ಅನೇಕ ದೇಶಗಳಲ್ಲಿ ಬಳಕೆಗೆ ಬಂದಿತು. ಇದರ ವ್ಯಾಸ ೪೨ ಮಿ.ಮೀ.; ಜೋಡಣೆಯಿಂದ ಫಿಲ್ಮಿಗೆ ಇರಬೇಕಾದ ಅಂತರ ೪೫.೪೬ ಮಿ.ಮೀ. ಈ ನಡುವಣ ಜಾಗದಲ್ಲಿಯೇ ಹಳೆಯ ಕ್ಯಾಮರಾದ ಕನ್ನಡಿಯು ಮೇಲೆ ಕೆಳಗೆ ಆಡುತ್ತಿತ್ತು. ಇಂದಿನ ಕನ್ನಡಿಯಿಲ್ಲದ ಕ್ಯಾಮರಾಗಳಲ್ಲಿ ಈ ಅಂತರ ಬಹಳ ಕಡಮೆ. ಸೋನಿ ಇ ಜೋಡಣೆಯಲ್ಲಿ ೧೮ ಮಿ.ಮೀ. ಮಾತ್ರ. ಮಿಕ್ಕ ೨೭.೪೬ ಮಿ.ಮೀ.ಯನ್ನು ಗಾಜಿಲ್ಲದ ಬರಿಯ ಲೋಹದ ಬಳೆಯೊಂದು ತುಂಬಿಕೊಟ್ಟರೆ ಹಳೆಯ ಮಸೂರವು ದೂರದ ಬೆಟ್ಟವನ್ನು ಸ್ಫುಟವಾಗಿ ಮೂಡಿಸುತ್ತದೆ. ಆದರೆ ನಿಕಾನ್ ಎಫ್ ಜೋಡಣೆಯ ಕ್ಯಾಮರಾದಲ್ಲಿ ಈ ಅಂತರ ೪೬.೫ ಮಿ.ಮೀ. ಇರುವುದರಿಂದ ಬಳೆಗೆ ಜಾಗವೇ ಇಲ್ಲ. ಅಲ್ಲಿ ಈ ಮಸೂರವು ದೂರದ ವಸ್ತುವನ್ನು ಸ್ಫುಟಗೊಳಿಸಲಾರದು. ಆದಕಾರಣ ತನ್ನ ಕ್ಯಾಮರಾದ ಈ ಅಂತರವನ್ನು ತಿಳಿದುಕೊಂಡ ಮೇಲೆಯೇ ಮಸೂರವನ್ನು ಕೊಳ್ಳತಕ್ಕದ್ದು.

ಹಲವು ಕ್ಯಾಮರಾಗಳ ಸಂವೇದಕವು ಫಿಲ್ಮಿನ ಚೌಕಟ್ಟಿಗಿಂತ ಒಂದೂವರೆ ಪಾಲು ಚಿಕ್ಕದು. ಅಂತಹದರಲ್ಲಿ ೧೩೫ರ ಮಸೂರವು ಫಿಲ್ಮಿನ ಕ್ಯಾಮರಾದ ೨೦೦ರ ಮಸೂರದಷ್ಟೇ ಕಿರಿದಾದ ನೋಟವನ್ನು ಕೊಡುತ್ತದೆ. ಚಿಕ್ಕ ಮಸೂರವನ್ನು ಆರಿಸಲು ಇದು ಇನ್ನೊಂದು ಕಾರಣ. ಆದರೆ ಕೈನಡುಕದ ಸೂತ್ರದಲ್ಲಿಯೂ ಆಗ ೨೦೦ನ್ನೇ ಹಿಡಿಯಬೇಕು.

ಮಬ್ಬು, ಮಂಜು, ಬಿಳಿಯ ಆಕಾಶ

ಮೂಡಿಗೆರೆಯ ದೇವರಮನೆಯಲ್ಲಿ ನಿಂತು ನೋಡಿದರೆ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಮತ್ತೊಂದು. ಹಿಂದಕ್ಕೆ ಸರಿದಂತೆ ಒಂದೊಂದೂ ತಿಳಿನೀಲಿಯಾಗುತ್ತ ಹೋಗುತ್ತದೆ. ಗಾಳಿಯ ಅಣುಗಳು ನೀಲಿ ಬೆಳಕನ್ನು ಕೆಂಪು ಬೆಳಕಿಗಿಂತ ನಾಲ್ಕು ಪಟ್ಟಿಗೂ ಮಿಗಿಲಾಗಿ ಚದರಿಸುವುದೇ ಇದಕ್ಕೆ ಕಾರಣ. ಮಸೂರವು ಬೆಟ್ಟವನ್ನು ಹಿರಿದಾಗಿಸಬಲ್ಲುದೇ ಹೊರತು ನಡುವಣ ಹತ್ತು ಕಿಲೋಮೀಟರು ಗಾಳಿಯನ್ನು ಅಳಿಸಲಾರದು. ಕಪ್ಪುಬಿಳುಪಿನ ಚಿತ್ರಕ್ಕೆ ಹಳದಿ ಅಥವಾ ಕೆಂಪು ಗಾಜನ್ನು ಮುಂದಿಟ್ಟರೆ ಈ ಮಬ್ಬು ಬಹುಮಟ್ಟಿಗೆ ಇಳಿಯುತ್ತದೆ. ಚಾರ್ಮಾಡಿ ಘಾಟಿಯ ಮಂಜಿನ ಮಾತು ಬೇರೆ. ಅದರ ನೀರ ಹನಿಗಳು ಬೆಳಕಿನ ಅಲೆಯುದ್ದಕ್ಕಿಂತ ಎಷ್ಟೋ ದೊಡ್ಡವಾದುದರಿಂದ ಎಲ್ಲ ಬಣ್ಣಗಳನ್ನೂ ಸಮನಾಗಿ ಚದರಿಸುತ್ತವೆ. ಅಲ್ಲಿ ಯಾವ ಬಣ್ಣದ ಗಾಜೂ ನೆರವಾಗದು. ಮಂಜು ಸರಿಯುವ ತನಕ ಕಾಯುವುದೊಂದೇ ದಾರಿ.

ಮೋಡ ಕವಿದ ಬಿಳಿಯ ಆಕಾಶವು ಹಳೆಯ ಮಸೂರಗಳಿಗೆ ಇನ್ನೊಂದು ಪರೀಕ್ಷೆ. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮುಖವೂ ಬೆಳಕಿನ ಶೇಕಡಾ ೪ರಷ್ಟನ್ನು ಪ್ರತಿಫಲಿಸುತ್ತದೆ. ಬಿಡಿಬಿಡಿಯಾದ ನಾಲ್ಕು ಗಾಜುಗಳಿಗೆ ಎಂಟು ಮುಖಗಳು. ಹಾಯ್ದುಹೋಗುವುದು ಶೇಕಡಾ ೭೨ ಮಾತ್ರ. ಮಿಕ್ಕುದರಲ್ಲಿ ಒಂದು ಪಾಲು ಒಳಗೊಳಗೇ ಅಲೆದು ಚಿತ್ರವನ್ನು ಪೇಲವಗೊಳಿಸುತ್ತದೆ. ೧೯೩೫ರಲ್ಲಿ ಝೈಸ್ ಸಂಸ್ಥೆಯ ಸ್ಮಾಕುಲಾ ಅವರು ತೆಳುಲೇಪನದಿಂದ ಈ ಪ್ರತಿಫಲನವನ್ನು ತಗ್ಗಿಸುವ ವಿಧಾನವನ್ನು ಕಂಡುಹಿಡಿದರು. ಕೊಳ್ಳುವ ಮಸೂರದಲ್ಲಿ ನೇರಳೆಯ ಅಥವಾ ಹೊಂಬಣ್ಣದ ಛಾಯೆ ಕಂಡರೆ ಲೇಪನವಿದೆಯೆಂದು ತಿಳಿಯಬೇಕು. ಮಸೂರದ ಮುಂದೆ ಕಪ್ಪು ಕಾಗದದ ಒಂದು ಕೊಳವೆಯನ್ನು ತೊಡಿಸಿದರೂ ಅಡ್ಡಬೆಳಕು ಬಹಳಷ್ಟು ತಪ್ಪುತ್ತದೆ.

ಮಲೆನಾಡಿನ ನಿಜವಾದ ಶತ್ರು

ಹಳೆಯ ಮಸೂರಕ್ಕೆ ವಯಸ್ಸು ಶತ್ರುವಲ್ಲ. ಗಾಜು ಎಪ್ಪತ್ತು ವರ್ಷಗಳಲ್ಲಿ ಮುಪ್ಪಾಗುವುದಿಲ್ಲ. ಶತ್ರುವೆಂದರೆ ತೇವ. ಒಬ್ಬ ವಿದ್ಯಾರ್ಥಿಯು ಕೂಡಿಟ್ಟ ಹಣದಿಂದ ಮಸೂರವನ್ನು ಕೊಂಡು, ಚರ್ಮದ ಚೀಲದಲ್ಲಿಟ್ಟು, ಜೂನ್ ತಿಂಗಳಲ್ಲಿ ಕಳಸದ ಮನೆಯ ಕಪಾಟಿನೊಳಗೆ ಭದ್ರಪಡಿಸಿದನೆಂದು ತಿಳಿಯಿರಿ. ಅಕ್ಟೋಬರಿನಲ್ಲಿ ತೆರೆದು ನೋಡಿದರೆ ಗಾಜಿನ ಒಳಮುಖದಲ್ಲಿ ಜೇಡರ ಬಲೆಯಂತಹ ಎಳೆಗಳು! ಅಡಕೆಗೆ, ಮೆಣಸಿಗೆ, ಪಾದರಕ್ಷೆಗೆ ಹಿಡಿಯುವ ಬೂಷ್ಟಿನ ಬಂಧುವೇ ಇದು. ಈ ಶಿಲೀಂಧ್ರವು ಗಾಜಿನ ಮೇಲಣ ಧೂಳು, ಜಿಡ್ಡುಗಳನ್ನು ಉಂಡು ಬೆಳೆಯುತ್ತದೆ. ಅದು ಸ್ರವಿಸುವ ಆಮ್ಲಗಳು ಲೇಪನವನ್ನೂ ಕಡೆಗೆ ಗಾಜನ್ನೂ ಕೊರೆಯುತ್ತವೆ. ಬಲೆಯನ್ನು ಒರೆಸಬಹುದು, ಕೊರೆದ ಗುರುತನ್ನು ಒರೆಸಲಾಗದು.

ಆದುದರಿಂದ ಕೊಳ್ಳುವ ಮುನ್ನ ಮಸೂರದ ಹಿಂದೆ ಟಾರ್ಚನ್ನು ಹಿಡಿದು ಓರೆಯಾಗಿ ನೋಡಬೇಕು. ಎಳೆಗಳಾಗಲಿ ಹಾಲಿನಂತಹ ಪೊರೆಯಾಗಲಿ ಕಂಡರೆ ಬಿಟ್ಟುಬಿಡುವುದು ಲೇಸು. ಒಂದೆರಡು ಕಣ ಧೂಳು, ಮುಂಗಾಜಿನ ಮೇಲೊಂದು ಸಣ್ಣ ಗೀರು ಇದ್ದರೆ ಚಿಂತೆಯಿಲ್ಲ. ಚಿತ್ರದಲ್ಲಿ ಅವು ಕಾಣಿಸವು. ಕಂಡಿಯ ಎಲೆಗಳ ಮೇಲೆ ಎಣ್ಣೆ ಇರಬಾರದು. ಸ್ಫುಟಗೊಳಿಸುವ ಬಳೆಯು ಎಡವದೆ, ಸಡಿಲವಾಗದೆ ತಿರುಗಬೇಕು.

ಮನೆಗೆ ತಂದ ಮೇಲೆ ಚರ್ಮದ ಚೀಲವನ್ನು ದೂರವಿಡಿರಿ. ಅದು ತೇವವನ್ನು ಹೀರಿ ಹಿಡಿದಿಡುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೊಳಗೆ ಸಿಲಿಕಾ ಜೆಲ್ ಹರಳುಗಳೊಡನೆ ಇಡುವುದು ಸುಲಭವಾದ ರಕ್ಷಣೆ. ಹರಳಿನ ನೀಲಿ ಬಣ್ಣವು ಗುಲಾಬಿಗೆ ತಿರುಗಿದಾಗ ಅದನ್ನು ಬಿಸಿಮಾಡಿ ತೇವವನ್ನು ಓಡಿಸಿದರೆ ಮರಳಿ ಉಪಯೋಗಕ್ಕೆ ಬರುತ್ತದೆ. ಒಲೆಯ ಮೇಲಣ ಅಟ್ಟ ಬೆಚ್ಚಗಿದೆಯೆಂದು ಅಲ್ಲಿಡಬಾರದು. ಹೊಗೆಯ ಜಿಡ್ಡು ಬೂಷ್ಟಿಗೆ ಆಹಾರವಾದೀತು. ಬೆಟ್ಟದ ಚಳಿಯಿಂದ ಬಿಸಿಯಾದ ಅಡುಗೆಮನೆಗೆ ಬಂದೊಡನೆ ಮಸೂರವನ್ನು ಹೊರತೆಗೆದರೆ ಅದರ ಮೇಲೆ ಇಬ್ಬನಿ ಕೂಡುತ್ತದೆ. ಅರ್ಧ ಗಂಟೆ ಚೀಲದಲ್ಲಿಯೇ ಇರಲಿ. ಎಲ್ಲಕ್ಕಿಂತ ಮಿಗಿಲಾಗಿ, ಮಸೂರವನ್ನು ಆಗಾಗ ಬಳಸುತ್ತಿರಬೇಕು. ಬೆಳಕು, ಗಾಳಿ ಕಾಣುತ್ತಿರುವ ಗಾಜಿನಲ್ಲಿ ಬೂಷ್ಟು ನೆಲೆಯೂರುವುದು ಕಷ್ಟ.

ಚಿಕ್ಕ ಮಸೂರವನ್ನೇ ಆರಿಸಬೇಕೆಂಬುದಕ್ಕೆ ಕೊನೆಯ ಕಾರಣ ಇಲ್ಲಿಯೇ ಇದೆ. ಭಾರವಾದುದು ಕಪಾಟಿನಲ್ಲಿ ಉಳಿಯುತ್ತದೆ, ಉಳಿದುದು ಬೂಷ್ಟು ಹಿಡಿಯುತ್ತದೆ. ಅಂಗಿಯ ಜೇಬಿನಲ್ಲಿ ಅಲ್ಲದಿದ್ದರೂ ಹೆಗಲ ಚೀಲದ ಮೂಲೆಯಲ್ಲಿ ಅಡಗುವ ೧೩೫ರ ಮಸೂರವು ಮುಳ್ಳಯ್ಯನಗಿರಿಯ ಮೆಟ್ಟಿಲುಗಳನ್ನೂ ಕಳಸದ ದೇವಾಲಯದ ಮೆಟ್ಟಿಲುಗಳನ್ನೂ ನಮ್ಮೊಡನೆ ಏರುತ್ತದೆ. ಹತ್ತಿದ ಮಸೂರ ಮಾತ್ರವೇ ಚಿತ್ರವನ್ನು ತರಬಲ್ಲದು.