ಶರಾವತಿ ಜಲವಿದ್ಯುತ್ ಯೋಜನೆ

ಶರಾವತಿ ಜಲವಿದ್ಯುತ್ ಯೋಜನೆಯು ಕರ್ನಾಟಕದ ಶಿವಮೊಗ್ಗ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಶರಾವತಿ ನದಿಯ ಉದ್ದಕ್ಕೂ ಇರುವ ವಿದ್ಯುದಾಗಾರಗಳ ಸರಣಿಯಾಗಿದೆ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದ ಬಳಿ ಅರಬ್ಬೀ ಸಮುದ್ರವನ್ನು ಸೇರುವ ಈ ನದಿಯ ಉದ್ದ ಸುಮಾರು 128 ಕಿ.ಮೀ. ಮಾತ್ರ. ಇಷ್ಟು ಚಿಕ್ಕ ನದಿಯಿಂದ ಇಷ್ಟೊಂದು ವಿದ್ಯುತ್ ದೊರೆಯಲು ಘಟ್ಟದ ಭಾರಿ ಮಳೆ ಹಾಗೂ ಕಡಿದಾದ ಇಳಿಜಾರು ಕಾರಣ. ಜೋಗದಲ್ಲಿಯೇ ನೀರು ಸುಮಾರು 253 ಮೀಟರ್ ಕೆಳಗೆ ಧುಮುಕುತ್ತದೆ.

ಮೊದಲ ವಿದ್ಯುದಾಗಾರವು ಜೋಗದ ಬಳಿ 1948ರಲ್ಲಿ ಕಾರ್ಯಾರಂಭ ಮಾಡಿತು. ಇದನ್ನು ಈಗ ಮಹಾತ್ಮ ಗಾಂಧಿ ಜಲವಿದ್ಯುದಾಗಾರ ಎಂದು ಕರೆಯಲಾಗುತ್ತದೆ. ಇದಕ್ಕೆ ನೀರೊದಗಿಸುತ್ತಿದ್ದ ಹಿರೇಭಾಸ್ಕರ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಬಳಿಕ ಅದರ ಹಿನ್ನೀರಿನಲ್ಲಿ ಮುಳುಗಿತು. ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಈ ಹಳೆಯ ಕಟ್ಟೆ ಮತ್ತೆ ಕಾಣಿಸಿಕೊಳ್ಳುವುದುಂಟು.

ಲಿಂಗನಮಕ್ಕಿಯ ನೀರು ಅಣೆಕಟ್ಟಿನ ಬುಡದಲ್ಲಿರುವ 55 ಮೆಗಾವ್ಯಾಟ್ ಕೇಂದ್ರದ ಮೂಲಕ ಹಾದು, ಕಾಲುವೆಯಲ್ಲಿ ತಲಕಳಲೆ ಸಮತೋಲನ ಜಲಾಶಯವನ್ನು ತಲುಪುತ್ತದೆ. ಅಲ್ಲಿಂದ ಬೃಹತ್ ಕೊಳವೆಗಳಲ್ಲಿ ಕಣಿವೆಗೆ ಇಳಿದು, 10 ಘಟಕಗಳ 1,035 ಮೆಗಾವ್ಯಾಟ್ ಶರಾವತಿ ವಿದ್ಯುದಾಗಾರದ ಟರ್ಬೈನುಗಳನ್ನು ತಿರುಗಿಸುತ್ತದೆ. ಹೀಗೆ ಹೊರಬಿದ್ದ ನೀರನ್ನು ಗೇರುಸೊಪ್ಪದಲ್ಲಿ ಮತ್ತೆ ತಡೆದು 240 ಮೆಗಾವ್ಯಾಟ್ ಕೇಂದ್ರದಲ್ಲಿ ಬಳಸಲಾಗುತ್ತದೆ.

ಲಿಂಗನಮಕ್ಕಿ ಜಲಾಶಯಕ್ಕಾಗಿ ಅನೇಕ ಹಳ್ಳಿಗಳು ಮುಳುಗಡೆಯಾಗಿ ಸಾವಿರಾರು ಕುಟುಂಬಗಳು ನೆಲೆ ಕಳೆದುಕೊಂಡವು. ಇವರಲ್ಲಿ ಅನೇಕರಿಗೆ ಪುನರ್ವಸತಿಗೆ ದೊರೆತ ನೆಲ ದಾಖಲೆಗಳಲ್ಲಿ ಅರಣ್ಯಭೂಮಿಯಾಗಿಯೇ ಉಳಿದ ಕಾರಣ, ಸಂತ್ರಸ್ತರ ಭೂಹಕ್ಕಿನ ಪ್ರಶ್ನೆ ದಶಕಗಳು ಕಳೆದರೂ ಬಗೆಹರಿಯಲಿಲ್ಲ.