ಹಾಡಿಗೂ ಬೇಕು ಗಟ್ಟಿ ಅರ್ಥಿಂಗ್

ಗೋಳಗುಮ್ಮಟದಲ್ಲಿ ಪಿಸುಮಾತು ಆಚೆ ಬದಿಗೆ ಕೇಳಿಸಲು ಕರೆಂಟ್ ಬೇಕಿಲ್ಲ. ಮನೆಯ ಆಂಪ್ಲಿಫೈಯರ್‌ಗೆ ಬೇಕು, ಅದೂ ಒಳ್ಳೆಯ ಕರೆಂಟ್. ತಿಕೋಟಾ ಸುತ್ತಲಿನ ದ್ರಾಕ್ಷಿ ತೋಟದ ವಸ್ತಿಗಳಿಗೂ ಈಗ ಹೋಂ ಥಿಯೇಟರ್ ಬಂದಿದೆ. ಅದರ ಬೆನ್ನಿಗೆ 'ಪವರ್ ಕಂಡೀಷನರ್' ಎಂಬ ದುಬಾರಿ ಬೋರ್ಡ್‌ನ ಆಸೆಯೂ ಬಂದಿದೆ. ಬಿ.ಇ. ಓದುವ ಹುಡುಗ ಎಂದು ಓಣಿಯ ಹಿರಿಯರು ನನ್ನನ್ನು ಕೇಳುತ್ತಾರೆ: "ತಮ್ಮಾ, ಯಾವುದು ತಗೊಂಡ್ರ ಚಲೋ?" ನನ್ನ ಉತ್ತರ ಒಂದೇ: "ಕಾಕಾ, ಮೊದಲ ನಿಮ್ಮ ತ್ರಾಸ ಏನಂತ ಹೇಳ್ರಿ."

ತ್ರಾಸು ಮೂರು ಬಗೆ. ಮೊದಲನೆಯದು ವೋಲ್ಟೇಜ್ ಇಳಿತ. ಮನೆಗೆ ಬರಬೇಕಾದದ್ದು 230 ವೋಲ್ಟ್. ಪಂಪ್‌ಸೆಟ್ ಮೋಟಾರು ಶುರುವಾಗುವಾಗ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಮನೆಯೂ ಅದೇ ಟ್ರಾನ್ಸ್‌ಫಾರ್ಮರ್‌ನಲ್ಲಿದ್ದರೆ ದೀಪ ಮಂಕಾಗುತ್ತದೆ. ಇದು ಪದೇ ಪದೇ ಆಗುತ್ತಿದ್ದರೆ ಸ್ಟೆಬಿಲೈಸರ್ ಬೇಕು. ಸ್ಪೈಕ್ ಗಾರ್ಡ್‌ನಿಂದ ಉಪಯೋಗವಿಲ್ಲ.

ಎರಡನೆಯದು ಸಿಡಿಲು-ಮಳೆಯಲ್ಲಿ, ಹೋದ ಕರೆಂಟ್ ಬಂದಾಗ ಕ್ಷಣಮಾತ್ರ ನುಗ್ಗುವ ಹೆಚ್ಚಿನ ವೋಲ್ಟೇಜ್. ಇದಕ್ಕೆ ಸ್ಪೈಕ್ ಗಾರ್ಡ್. ಅದರೊಳಗಿನ ವೇರಿಸ್ಟರ್ ಎಂಬ ಬಿಲ್ಲೆ ಪ್ರತಿ ಹೊಡೆತಕ್ಕೂ ಸವೆಯುತ್ತದೆ. ಹಾಗಾಗಿ ಬೋರ್ಡ್ ಕಾಯಂ ಅಲ್ಲ. ಗುಡುಗು ಕೇಳುವ ಮೊದಲೇ ಪ್ಲಗ್ ಕಿತ್ತಿಡುವುದು ಅದಕ್ಕಿಂತ ಭದ್ರ. ಡಿಶ್ ಕೇಬಲ್ಲನ್ನೂ ಮರೆಯಬೇಡಿ.

ಮೂರನೆಯದು ಸ್ಪೀಕರ್‌ನ 'ಗುಂಯ್' ಸದ್ದು. ಟಿವಿ ಒಂದು ಗೋಡೆಯ ಸಾಕೆಟ್‌ನಲ್ಲಿ, ಆಂಪ್ಲಿಫೈಯರ್ ಇನ್ನೊಂದರಲ್ಲಿ ಇದ್ದಾಗ ಅರ್ಥ್ ತಂತಿ ಮತ್ತು ಆಡಿಯೊ ಕೇಬಲ್ ಸೇರಿ ಒಂದು ಸುತ್ತು ಆಗಬಹುದು. ಅದರಲ್ಲಿ ಹರಿಯುವ 50 ಹರ್ಟ್ಸ್ ಕರೆಂಟೇ ಆ ಸದ್ದು. ಎರಡನ್ನೂ ಒಂದೇ ಬೋರ್ಡ್‌ಗೆ ಹಾಕಿ ನೋಡಿ. ಎಷ್ಟೋ ಸಲ ಅಷ್ಟೇ ಸಾಕು.

ಆದರೆ ಕೆಲವರು ಪ್ಲಗ್‌ನ ಅರ್ಥ್ ಪಿನ್ನನ್ನೇ ಮುರಿಯುತ್ತಾರೆ. ಸದ್ದು ನಿಲ್ಲಬಹುದು, ಜೀವಕ್ಕೆ ಮಾತ್ರ ಅಪಾಯ. ಒಳಗಿನ ಫೇಸ್ ತಂತಿ ಕಳಚಿ ಲೋಹದ ಡಬ್ಬಿಗೆ ತಾಗಿದರೆ ಕರೆಂಟ್‌ಗೆ ನೆಲ ಸೇರುವ ದಾರಿ ಇರುವುದಿಲ್ಲ. ಮುಟ್ಟಿದವರ ಮೈಯೇ ದಾರಿಯಾಗುತ್ತದೆ. ಆ ಪಿನ್ ಉದ್ದವಾಗಿರುವುದು ಎಲ್ಲಕ್ಕಿಂತ ಮೊದಲು ಸೇರಿ, ಕೊನೆಗೆ ಬಿಡಲೆಂದೇ.

ಅರ್ಥಿಂಗ್ ಇದ್ದರಷ್ಟೇ ಸಾಲದು. ನಮ್ಮ ಜಿಲ್ಲೆಯ ಎರೆ ನೆಲ ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ತೇವ ಆರಿದರೆ ಅರ್ಥಿಂಗ್ ಸೊರಗುತ್ತದೆ. ಗುಂಡಿಗೆ ಆಗಾಗ ನೀರು ಹಾಕಬೇಕು, ವರ್ಷಕ್ಕೊಮ್ಮೆ ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಬೇಕು.

ಇನ್ನು ಬೋರ್ಡ್ ಹಾಕಿದರೆ ಹಾಡು ಇಂಪಾಗುತ್ತದೆ ಎಂಬ ಮಾತು. ಆಂಪ್ಲಿಫೈಯರ್ ತನ್ನೊಳಗೇ ಎಸಿಯನ್ನು ಡಿಸಿ ಮಾಡಿ, ಕೆಪಾಸಿಟರ್‌ಗಳಿಂದ ಸೋಸಿಕೊಳ್ಳುತ್ತದೆ. ಹೊರಗಿನ ಬೋರ್ಡ್‌ಗೆ ಉಳಿಯುವ ಕೆಲಸ ಕಡಿಮೆ.

ಮಿನುಗುವ ದೀಪದ ಬೋರ್ಡ್ ಆಮೇಲೆ ಕೊಳ್ಳಬಹುದು. ಮೊದಲು ನಿಮ್ಮ ಸಾಕೆಟ್‌ನ ಆ ದೊಡ್ಡ ತೂತಿನ ಹಿಂದೆ ತಂತಿ ಇದೆಯೇ, ನೋಡಿಸಿ.