ಕಡತದೊಳಗಿನ ಹೊಲ

ಹೊಲವೊಂದು ಮಾರಾಟಕ್ಕೆ ಬಂತೆಂದರೆ ಕೊಳ್ಳುವವರು ಮೊದಲು ಪಹಣಿ ತೆಗೆಸುತ್ತಾರೆ, ಮ್ಯುಟೇಶನ್ ನೋಡುತ್ತಾರೆ, ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇಸಿ ತರಿಸುತ್ತಾರೆ. ಇಷ್ಟಾದರೆ ಕಾಗದಪತ್ರ ನೋಡಿದಂತಾಯಿತು ಎಂಬುದು ರೂಢಿ. ಆದರೆ ಅದೇ ಹೊಲದ ಮೇಲೆ ನಲವತ್ತು ವರ್ಷದ ಹಿಂದೆ ಅಣ್ಣತಮ್ಮಂದಿರ ನಡುವೆ ಪಾಲಿನ ದಾವೆ ನಡೆದು, ರಾಜಿಯಾಗಿ, ಡಿಕ್ರಿ ಆಗಿದ್ದರೆ ಅದು ಈ ಮೂರು ಕಾಗದಗಳಲ್ಲಿ ಒಂದರಲ್ಲೂ ಕಾಣದೇ ಇರಬಹುದು. 1908ರ ನೋಂದಣಿ ಕಾಯ್ದೆಯ 17ನೇ ಕಲಮು ಕೋರ್ಟಿನ ಡಿಕ್ರಿಗೆ, ದಾವೆಯಲ್ಲಿದ್ದ ಸ್ವತ್ತಿನ ಮಟ್ಟಿಗೆ ಆದ ರಾಜಿ ಡಿಕ್ರಿಗೂ ಸೇರಿಸಿ, ಕಡ್ಡಾಯ ನೋಂದಣಿಯಿಂದ ವಿನಾಯಿತಿ ಕೊಟ್ಟಿದೆ. ನೋಂದಣಿಯಾಗದ ಕಾಗದ ಇಸಿಯಲ್ಲಿ ಬರುವುದಿಲ್ಲ. ಡಿಕ್ರಿ ಪಡೆದವರು ಅದನ್ನು ತಾಲ್ಲೂಕು ಕಚೇರಿಗೆ ಕೊಟ್ಟು ಖಾತೆ ಬದಲಿಸಿಕೊಳ್ಳದಿದ್ದರೆ ಪಹಣಿಯಲ್ಲೂ ಹಳೆಯ ಹೆಸರೇ ಉಳಿದಿರುತ್ತದೆ. ಆಗ ಆ ಹೊಲದ ನಿಜವಾದ ಕಥೆ ಇರುವುದು ಒಂದೇ ಕಡೆ, ತಾಲ್ಲೂಕು ಸಿವಿಲ್ ಕೋರ್ಟಿನ ದಾಖಲೆ ಕೊಠಡಿಯಲ್ಲಿ. ಜನ ಇಂದಿಗೂ ಮುನ್ಸಿಫ್ ಕೋರ್ಟು ಎಂದೇ ಕರೆಯುವ ಕಟ್ಟಡದ ಆ ಕೋಣೆ ಹಳ್ಳಿಗಾಡಿನ ಆಸ್ತಿ ಇತಿಹಾಸದ ಬಹುದೊಡ್ಡ ಭಂಡಾರ. ಅದರ ಬಾಗಿಲಿಗೆ ಇರುವ ಬೀಗ ಕಾನೂನಿನದಲ್ಲ ಎಂಬುದೇ ಈ ಬರಹದ ವಾದ. ದಾಖಲೆ ಕೇಳುವ ಹಕ್ಕು ಜನರಿಗೆ ಇದೆ, ಇಲ್ಲದಿರುವುದು ಹುಡುಕುವ ದಾರಿ.

ಸಿವಿಲ್ ದಾವೆಯ ಕಡತವೊಂದನ್ನು ಬಿಚ್ಚಿದರೆ ಸಿಗುವುದು ತೀರ್ಪು ಮಾತ್ರವಲ್ಲ. ವಾದಪತ್ರ, ಪ್ರತಿವಾದಿಯ ಕೈಫಿಯತ್ತು, ವಕಾಲತ್ತು, ಮಧ್ಯಂತರ ಅರ್ಜಿಗಳು, ಸಾಕ್ಷಿಗಳ ಹೇಳಿಕೆ, ಕಮಿಷನರ್ ಸ್ಥಳಕ್ಕೆ ಹೋಗಿ ಬರೆದ ವರದಿ ಮತ್ತು ನಕ್ಷೆ, ಪ್ರತಿ ವಾಯಿದೆಯಲ್ಲಿ ಏನಾಯಿತೆಂದು ಬರೆದಿಟ್ಟ ಆದೇಶ ಹಾಳೆ, ಕೊನೆಗೆ ತೀರ್ಪು ಮತ್ತು ಡಿಕ್ರಿ. ಇವುಗಳ ನಡುವೆ ಹಾಜರುಪಡಿಸಿದ ದಸ್ತಾವೇಜುಗಳೂ ಇರುತ್ತವೆ. ದಾವೆ ಮುಗಿದ ಮೇಲೆ ಅಸಲು ಕಾಗದಗಳನ್ನು ಅರ್ಜಿ ಕೊಟ್ಟು ಹಿಂಪಡೆಯಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಆದೇಶದಲ್ಲಿ ಅವಕಾಶವಿದೆ. ಎಷ್ಟೋ ಮನೆಗಳಲ್ಲಿ ಆ ಅರ್ಜಿಯನ್ನು ಯಾರೂ ಕೊಟ್ಟಿರುವುದಿಲ್ಲ. ಅಜ್ಜನ ಕಾಲದ ಕ್ರಯಪತ್ರ ಕಳೆದುಹೋಯಿತೆಂದು ಮನೆಯವರು ಕೈಚೆಲ್ಲಿರುವಾಗ ಅದು ಕೋರ್ಟಿನ ಕಟ್ಟಿನಲ್ಲಿ ಜೋಪಾನವಾಗಿ ಇರಬಹುದು. ಹಾಗೆಯೇ, ಹಿಂಪಡೆದ ಕ್ರಯಪತ್ರ ಮನೆಯ ಟ್ರಂಕಿನಲ್ಲಿದ್ದರೆ ಅದರ ಹಿಂಬದಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಬೇಕು. ಸಾಕ್ಷ್ಯವಾಗಿ ಒಪ್ಪಿದ ಪ್ರತಿ ಕಾಗದದ ಮೇಲೂ ದಾವೆಯ ನಂಬರು, ಹಾಜರುಪಡಿಸಿದವರ ಹೆಸರು, ತಾರೀಖು ಬರೆದು ನ್ಯಾಯಾಧೀಶರು ರುಜು ಹಾಕಬೇಕೆಂಬುದು ಅದೇ 13ನೇ ಆದೇಶದ ನಿಯಮ. ನೇರಳೆ ಮೊಹರಿನ ಪಕ್ಕ ನಿ.ಪಿ.1 ಅಂತಲೋ ನಿ.ಡಿ.3 ಅಂತಲೋ ಗುರುತು, ಅದರ ಕೆಳಗೆ ಮಾಸಿದ ಶಾಯಿಯಲ್ಲಿ ಒ.ಎಸ್. ನಂಬರು ಮತ್ತು ವರ್ಷ. ಹಳೆಯ ದಾವೆಯೊಂದನ್ನು ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಸುಳಿವು ಸಿಕ್ಕುವುದು ಅಪರೂಪ.

ನಂಬರು ಕೈಯಲ್ಲಿದ್ದರೆ ಮುಂದಿನ ಕೆಲಸ ಅಷ್ಟು ಕಷ್ಟದ್ದಲ್ಲ. ನಕಲು ವಿಭಾಗಕ್ಕೆ ಅರ್ಜಿ ಬರೆದು, ಯಾವ ದಾವೆಯ ಯಾವ ಕಾಗದ ಬೇಕೆಂದು ಸ್ಪಷ್ಟವಾಗಿ ಹೇಳಿ, ಶುಲ್ಕ ಕಟ್ಟಿದರೆ ಕಡತವನ್ನು ತರಿಸಿ ದೃಢೀಕೃತ ನಕಲು ಮಾಡಿಕೊಡುತ್ತಾರೆ. ಬರಿಯ ಜೆರಾಕ್ಸಿಗೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ನೋಡಲು ಹಕ್ಕಿರುವ ಸಾರ್ವಜನಿಕ ದಾಖಲೆಯ ನಕಲನ್ನು ಕೇಳಿದವರಿಗೆ ದೃಢೀಕರಿಸಿ ಕೊಡಬೇಕೆಂದು 1872ರ ಸಾಕ್ಷ್ಯ ಅಧಿನಿಯಮದ 76ನೇ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೇ ಮಾತು 75ನೇ ಕಲಮಿನಲ್ಲಿದೆ. ಹಾಗೆ ಪಡೆದ ನಕಲು ಅಸಲಿನ ಬದಲಿಗೆ ಸಾಕ್ಷ್ಯವಾಗಿ ನಿಲ್ಲುತ್ತದೆ. ನಕಲಿನ ಹಿಂದೆ ಒತ್ತುವ ಮೊಹರಿನಲ್ಲಿ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಕೈಗೆ ಕೊಟ್ಟ ದಿನ ಎಂದು ತಾರೀಖುಗಳಿರುತ್ತವೆ. ಅವು ಸುಮ್ಮನೆ ಬರೆದ ತಾರೀಖುಗಳಲ್ಲ. ಜಿಲ್ಲಾ ಕೋರ್ಟಿಗೆ ಮೇಲ್ಮನವಿ ಹಾಕಲು ಇರುವುದು 30 ದಿನ. ನಕಲು ತಯಾರಾಗಲು ಹಿಡಿದ ಸಮಯವನ್ನು ಅದರಿಂದ ಕಳೆಯಬೇಕೆಂದು 1963ರ ಕಾಲಮಿತಿ ಕಾಯ್ದೆಯ 12ನೇ ಕಲಮು ಹೇಳುತ್ತದೆ, ಆ ಲೆಕ್ಕ ನಡೆಯುವುದು ಈ ಮೊಹರಿನ ಆಧಾರದಿಂದಲೇ.

ತೊಡಕು ನಂಬರು ಇಲ್ಲದವರದ್ದು. ಕೋರ್ಟು ತನ್ನ ದಾಖಲೆಯನ್ನು ಜೋಡಿಸಿಡುವುದು ದಾವೆಯ ನಂಬರು ಮತ್ತು ವರ್ಷದ ಪ್ರಕಾರ. ಹಳ್ಳಿಯವರ ನೆನಪಿಗೆ ಅಂಥ ಜೋಡಣೆ ಇಲ್ಲ. ಅವರಿಗೆ ಗೊತ್ತಿರುವುದು ಊರು, ಸರ್ವೆ ನಂಬರು, ಚೆಕ್ಕುಬಂದಿ, ಬಹಳವಾದರೆ ದೊಡ್ಡಪ್ಪನ ಕಾಲದಲ್ಲಿ ಒಂದು ಕೇಸು ನಡೆದಿತ್ತೆಂಬ ಮಾತು. ಯಾವ ಕೋರ್ಟು ಎಂಬುದೂ ಎಷ್ಟೋ ಸಲ ಖಚಿತವಿರುವುದಿಲ್ಲ. 1997ರಲ್ಲಿ ರಾಜ್ಯದಲ್ಲಿ ಏಳು ಹೊಸ ಜಿಲ್ಲೆಗಳಾದವು. ಅದಕ್ಕೂ ಮುಂಚಿನ ಮೇಲ್ಮನವಿಯ ಜಾಡು ಹಿಡಿದು ಹೊರಟರೆ ಹಾವೇರಿಯವರು ಧಾರವಾಡದಲ್ಲೂ, ಕೊಪ್ಪಳದವರು ರಾಯಚೂರಿನಲ್ಲೂ, ಉಡುಪಿಯವರು ಮಂಗಳೂರಿನಲ್ಲೂ ವಿಚಾರಿಸಬೇಕಾಗಿ ಬರುತ್ತದೆ. ಇನ್ನೂ ಹಿಂದಕ್ಕೆ, 1956ರ ಏಕೀಕರಣದ ಆಚೆಗೆ ಹೋದರೆ ಮೈಸೂರು ಸಂಸ್ಥಾನ, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಐದು ಆಡಳಿತಗಳ ಐದು ಪದ್ಧತಿಗಳು ಎದುರಾಗುತ್ತವೆ. ಕಲಬುರಗಿ ಕಡೆಯ ನಿಜಾಮರ ಕಾಲದ ಕಾಗದ ಉರ್ದುವಿನಲ್ಲಿ, ಬೆಳಗಾವಿ ಕಡೆಯದು ಮೋಡಿ ಲಿಪಿಯಲ್ಲಿ ಇರಬಹುದು. ಜೊತೆಗೆ ಕಡತದ ಎಲ್ಲ ಹಾಳೆಗಳಿಗೂ ಒಂದೇ ಆಯುಷ್ಯವಿಲ್ಲ. ಬೇಡವಾದ ದಾಖಲೆಗಳನ್ನು ನಿಯಮದ ಪ್ರಕಾರ ನಾಶಪಡಿಸಲು 1917ರಿಂದಲೇ ಕಾಯ್ದೆಯಿದೆ. ಕಡತ ಹೋಗಿದ್ದರೂ ದಾವೆ ರಿಜಿಸ್ಟರು ಉಳಿದಿದ್ದರೆ ಅದೇ ಆಸರೆ. ಸಂಹಿತೆಯ 4ನೇ ಆದೇಶದ ಪ್ರಕಾರ ಪ್ರತಿ ದಾವೆಯನ್ನೂ ನಮೂದಿಸಲೇಬೇಕಾದ ಆ ದಪ್ಪ ಪುಸ್ತಕದಲ್ಲಿ ವಾದಿಯ ಹೆಸರು, ವಾಸಸ್ಥಳ, ಪ್ರತಿವಾದಿಯ ಹೆಸರು, ಹಕ್ಕಿನ ವಿವರ, ತೀರ್ಪಿನ ದಿನ, ಮೇಲ್ಮನವಿ, ಅಮಲ್ಜಾರಿ ಎಲ್ಲವೂ ಅಡ್ಡಸಾಲಾಗಿ ಬರುತ್ತವೆ. ವರ್ಷ ಗೊತ್ತಿದ್ದು ತಾಳ್ಮೆಯಿದ್ದರೆ ಇದೊಂದು ದಾರಿ. ವರ್ಷವೇ ಗೊತ್ತಿಲ್ಲದವರಿಗೆ ಇದೂ ಕೈಗೆಟಕುವುದಿಲ್ಲ.

ಆಗಬೇಕಾದದ್ದು ಒಂದು ಸೂಚಿ: ಊರಿನ ಹೆಸರು, ಸರ್ವೆ ನಂಬರು, ಅದರ ಮುಂದೆ ಆ ಜಮೀನಿನ ಮೇಲೆ ನಡೆದ ದಾವೆಗಳ ನಂಬರು. ಇದಕ್ಕೆ ಹೊಸದಾಗಿ ಮಾಹಿತಿ ಕಲೆಹಾಕುವ ಅಗತ್ಯವೇ ಇಲ್ಲ. ಸ್ಥಿರಾಸ್ತಿಯ ದಾವೆಯಲ್ಲಿ ಸ್ವತ್ತನ್ನು ಗುರುತಿಸಲು ಸಾಕಾಗುವ ವಿವರ ಕೊಡಬೇಕು, ಸರ್ವೆ ದಾಖಲೆಯ ನಂಬರಿದ್ದರೆ ಅದನ್ನು ಬರೆಯಲೇಬೇಕು ಎಂದು ಸಂಹಿತೆಯ 7ನೇ ಆದೇಶದ 3ನೇ ನಿಯಮ ವಿಧಿಸಿದೆ. ಹಾಗಾಗಿ ವಾದಪತ್ರದ ಕೊನೆಯಲ್ಲಿರುವ ಶೆಡ್ಯೂಲಿನಲ್ಲಿ ಇದೆಲ್ಲ ಆಗಲೇ ಇದೆ, ಡಿಕ್ರಿಯಲ್ಲಿ ಮತ್ತೆ ಬರುತ್ತದೆ. ಅಲ್ಲಿಂದ ಎತ್ತಿ ಸಾಲಾಗಿ ಬರೆಯುವವರು ಬೇಕು, ಅಷ್ಟೆ.

ಇ-ಕೋರ್ಟ್ಸ್ ಬಂದ ಮೇಲೆ ಇದೆಲ್ಲ ಏಕೆ ಎಂದು ಕೇಳಬಹುದು. ಆ ಯೋಜನೆ 2007ರಲ್ಲಿ ಶುರುವಾಯಿತು, 2023ರಲ್ಲಿ ಒಪ್ಪಿಗೆ ಪಡೆದ ಮೂರನೇ ಹಂತಕ್ಕೆ ಕೇಂದ್ರ 7,210 ಕೋಟಿ ರೂಪಾಯಿ ಗೊತ್ತುಮಾಡಿದೆ. ಪ್ರತಿ ಪ್ರಕರಣಕ್ಕೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇದೆ, ಮೊಬೈಲಿನಲ್ಲೇ ಮುಂದಿನ ವಾಯಿದೆ ತಿಳಿಯುತ್ತದೆ. ಈಗ ನಡೆಯುತ್ತಿರುವ ದಾವೆಗಳ ಮಟ್ಟಿಗೆ ಇದು ನಿಜವಾದ ಉಪಕಾರ. ಆದರೆ ಹುಡುಕಲು ಅಲ್ಲೂ ಬೇಕಾಗುವುದು ದಾವೆಯ ನಂಬರು, ಪಕ್ಷಗಾರರ ಹೆಸರು, ವಕೀಲರ ಹೆಸರು ಇಂಥವು. ಹನುಮಂತಪ್ಪ ಎಂಬ ಒಂದು ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದೆಂದು ಎಣಿಸಿದರೆ ಹೆಸರಿನ ಹುಡುಕಾಟ ಎಲ್ಲಿ ಎಡವುತ್ತದೆಂಬುದು ತಿಳಿಯುತ್ತದೆ. ಗಣಕಕ್ಕೆ ಏರದ ಹಳೆಯ ಕಡತಗಳ ಪಾಡು ಬೇರೆಯೇ. ಮಾಹಿತಿ ಹಕ್ಕಿನಲ್ಲಿ ಕೇಳಬಹುದಲ್ಲ ಎಂಬುದು ಇನ್ನೊಂದು ಮಾತು. ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರ ಮಾರ್ಚ್‌ನಲ್ಲಿ ಅದಕ್ಕೆ ಉತ್ತರ ಕೊಟ್ಟಾಗಿದೆ. ನ್ಯಾಯಾಂಗ ಕಡತದ ನಕಲು ಬೇಕಾದವರು ಕೋರ್ಟಿನ ನಿಯಮದ ಪ್ರಕಾರವೇ ಅರ್ಜಿ ಹಾಕಬೇಕು, ದಾವೆಗೆ ಹೊರಗಿನವರು ಯಾಕೆ ಬೇಕೆಂಬುದನ್ನು ಪ್ರಮಾಣಪತ್ರದಲ್ಲಿ ಹೇಳಬೇಕೆಂಬ ನಿಯಮವೂ ಸರಿಯೇ ಎಂದು ಅದು ತೀರ್ಮಾನಿಸಿತು. ಹೊರಗಿನವರಿಗೆ ಕಾರಣ ಹೇಳುವ ಹೊಣೆಯಿರುವಾಗ ಹುಡುಕುವ ಸಾಧನವೂ ಅವರಿಗೆ ಸಿಗಬೇಕಾದದ್ದು ನ್ಯಾಯ.

ಮನೆಯ ಜಗಳ ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಆಕ್ಷೇಪಣೆಯನ್ನು ಹಗುರವಾಗಿ ತೆಗೆದುಹಾಕುವಂತಿಲ್ಲ. ಕೈಫಿಯತ್ತುಗಳಲ್ಲಿ ದಾಯಾದಿಗಳು ಒಬ್ಬರ ಮೇಲೊಬ್ಬರು ಬರೆಯುವ ಮಾತುಗಳಲ್ಲಿ ಹುಟ್ಟು, ಮದುವೆ, ನಡತೆಯ ವಿಚಾರಗಳೂ ಸೇರಿಕೊಂಡಿರುತ್ತವೆ. ಅದಕ್ಕಾಗಿಯೇ ಕೇಳುತ್ತಿರುವುದು ಸೂಚಿಯನ್ನು, ಕಡತವನ್ನಲ್ಲ. ಇಂಥ ಸರ್ವೆ ನಂಬರಿನ ಮೇಲೆ ಇಂಥ ವರ್ಷ ದಾವೆ ಇತ್ತು ಎಂಬ ಒಂದು ಸಾಲಿನಲ್ಲಿ ಯಾರ ಮಾನವೂ ಹೋಗದು. ವಿಚ್ಛೇದನ, ಪಾಲನೆಯಂಥ ಪ್ರಕರಣಗಳಿಗೆ ಸರ್ವೆ ನಂಬರೇ ಇಲ್ಲವಾದ್ದರಿಂದ ಅವು ಈ ಸೂಚಿಗೆ ಬರುವುದೂ ಇಲ್ಲ. ಪೋಡಿಯಾಗಿ, ಹಿಸ್ಸಾ ಬಿದ್ದು ನಂಬರುಗಳು ಬದಲಾಗುತ್ತವಲ್ಲ ಎಂದರೆ, 45 ಎಂಬ ನಂಬರು 45/1, 45/2 ಆದರೂ ಮೂಲ ನಂಬರು ಸಾಮಾನ್ಯವಾಗಿ ಹಾಗೇ ಉಳಿದಿರುತ್ತದೆ. ಉಳಿದದ್ದು ಸಿಬ್ಬಂದಿಯ ಮೇಲಿನ ಹೊರೆ. ಅದು ದಿಟ. ಹಾಳೆ ಹಾಳೆಯಾಗಿ ಸ್ಕ್ಯಾನ್ ಮಾಡಲು ಕಡತವನ್ನು ಹೇಗೂ ಬಿಚ್ಚುವಾಗ ಶೆಡ್ಯೂಲಿನ ಪುಟದಿಂದ ಊರು ಮತ್ತು ನಂಬರನ್ನು ಬರೆದುಕೊಳ್ಳುವುದು ಆ ಕೆಲಸದ ಜೊತೆಗೇ ಆಗಬಹುದು. ಸ್ಕ್ಯಾನ್ ಮುಗಿದು ಕಟ್ಟಿಟ್ಟ ಮೇಲೆ ಮತ್ತೆ ಬಿಚ್ಚಿಸುವುದು ಕಷ್ಟ. ಅವಸರ ಇರುವುದು ಅದಕ್ಕೇ.

ಸೂಚಿ ಇಲ್ಲದಿರುವುದರ ಬಿಸಿ ಹೆಚ್ಚು ತಟ್ಟುವುದು ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳಿಗೆ. ಕರ್ನಾಟಕ 1994ರಲ್ಲೇ ತನ್ನ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರಲ್ಲಿ ಅದು ದೇಶಕ್ಕೆಲ್ಲ ಬಂತು. ಆ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆದ ಪಾಲನ್ನು 2005ರ ಕಾಯ್ದೆ ಮುಟ್ಟುವುದಿಲ್ಲ. ಪಾಲು ಕೇಳಲು ಬಂದ ತಂಗಿಗೆ ಅಣ್ಣಂದಿರು ಹೇಳುವ ಮಾತು, ಕೋರ್ಟಿನಲ್ಲಿ ಯಾವಾಗಲೋ ಪಾಲಾಗಿಹೋಗಿದೆ ಎಂಬುದು. ಆಗಿದ್ದು ಪ್ರಾಥಮಿಕ ಡಿಕ್ರಿಯೋ ಅಂತಿಮ ಡಿಕ್ರಿಯೋ ಎಂಬುದರ ಮೇಲೆ ಅವಳ ಪಾಲು ನಿಂತಿದೆ, ಏಕೆಂದರೆ ಪ್ರಾಥಮಿಕ ಡಿಕ್ರಿಯೊಂದರಿಂದಲೇ ಪಾಲು ಮುಗಿದಂತಾಗದು. ದಾವೆಯ ನಂಬರು ಅವಳಿಗೆ ಗೊತ್ತಿಲ್ಲ, ವಾದಿ ಯಾರೆಂಬುದೂ ಗೊತ್ತಿಲ್ಲ. ತವರಿನ ಹೊಲದ ಸರ್ವೆ ನಂಬರು ಮಾತ್ರ ಅವಳಿಗೆ ಬಾಯಿಪಾಠ.